ಬಣ್ಣ ಬಂದ ಬೈಕಿಗೆ ಗಂಟಲು ಕಟ್ಟಿದ್ದೇಕೆ?

ಹಳೆಯ ಜಾವಾಕ್ಕೆ ಹೊಸ ಬಣ್ಣ, ಹೊಸ ಕ್ರೋಮ್, ಹೊಸ ಸೀಟು. ಒಂದೇ ಕಿಕ್ಕಿಗೆ ಸ್ಟಾರ್ಟ್. ಹಾರ್ನ್ ಒತ್ತಿದರೆ ಮಾತ್ರ ನೆಗಡಿ ಹಿಡಿದವರ ದನಿ. ಹಾರ್ನ್ ಬದಲಿಸಿದರೂ ಅದೇ ಕತೆ. ದಕ್ಷಿಣ ಕನ್ನಡದ ಕಬಕದ ಸುತ್ತಮುತ್ತ ಹಳೆಯ ಬೈಕುಗಳನ್ನು ರೆಸ್ಟೋರ್ ಮಾಡಿಸಿದ ಹಲವರ ತಲೆನೋವಿದು. ಇಲ್ಲಿನ ರಸ್ತೆಗಳಲ್ಲಿ ಹಾರ್ನ್ ಇಲ್ಲದೆ ನಡೆಯದು.

ಮೈಸೂರಿನಿಂದ ಬರುವ ರಾಷ್ಟ್ರೀಯ ಹೆದ್ದಾರಿ 275 ಹುಣಸೂರು, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆಯಲ್ಲಿ ಘಟ್ಟ ಇಳಿಯುತ್ತದೆ. ಸುಳ್ಯ, ಪುತ್ತೂರು ಹಾಯ್ದು ಕಬಕಕ್ಕೆ ಬಂದಾಗ ಎಡಕ್ಕೊಂದು ದಾರಿ ವಿಟ್ಲದ ಕಡೆಗೆ ಕವಲೊಡೆಯುತ್ತದೆ. ನೇರ ಹೋದರೆ ಮಾಣಿ. ಈ ದಾರಿಯಲ್ಲಿ ನೇರ ಎನ್ನುವುದು ಕಡಿಮೆ. ಗುಡ್ಡದ ಮಗ್ಗುಲು ಕೊರೆದ ತಿರುವು, ತಿರುವಿನಾಚೆ ಇನ್ನೊಂದು ತಿರುವು, ಎದುರಿನಿಂದ ಟೈಮಿಂಗ್ ತಪ್ಪಿದ ಬಸ್ಸು. ಒಳರಸ್ತೆಗಳಂತೂ ಇನ್ನೂ ಕಿರಿದು. ಒಂದು ಬದಿಗೆ ಅಗರು, ಇನ್ನೊಂದು ಬದಿಗೆ ಕಣಿ, ನಡುವೆ ಒಂದು ಜೀಪು ಹೋಗುವಷ್ಟು ಜಾಗ. ಘಟ್ಟದ ತಿರುವುಗಳಲ್ಲಿ ‘ಹಾರ್ನ್ ಮಾಡಿ’ ಎಂದು ಬೋರ್ಡು ಹಾಕಿರುವುದು ಸುಮ್ಮನೆ ಅಲ್ಲ. ಎದುರಿನವನಿಗೆ ನಾವು ಕಾಣುವ ಮೊದಲು ಕೇಳಬೇಕು.

ಇದೇ ಹೆದ್ದಾರಿ ಹಿಡಿದು ಹಿಂದಕ್ಕೆ ಹೋದರೆ ಸಿಗುವ ಮೈಸೂರಿನಲ್ಲಿ, ಅಲ್ಲಿನ ಯಾದವಗಿರಿಯಲ್ಲಿ, ಈ ಬೈಕುಗಳು ಹುಟ್ಟಿದವು. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 250 ಸಿಸಿಯ ಟೂ ಸ್ಟ್ರೋಕ್ ಬೈಕುಗಳು ಇಲ್ಲಿ ತಯಾರಾದವು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ರೋಡ್‌ಕಿಂಗ್‌ನಂಥ ಮಾದರಿಗಳು ಬಂದು ಹೋದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಬೈಕುಗಳು ಮಾತ್ರ ಸಾಯಲಿಲ್ಲ. ತೋಟದ ಮನೆಗಳ ಕೊಟ್ಟಿಗೆಯಲ್ಲಿ, ಅಡಿಕೆ ದಾಸ್ತಾನಿನ ಕೋಣೆಯ ಮೂಲೆಯಲ್ಲಿ, ಗೋಣಿ ಹೊದ್ದು ಕುಳಿತವು.

2018ರಲ್ಲಿ ಜಾವಾ ಹೆಸರಿನ ಹೊಸ ಬೈಕುಗಳು ಮಾರುಕಟ್ಟೆಗೆ ಬಂದ ಮೇಲೆ ಹಳೆಯವಕ್ಕೂ ಬೆಲೆ ಬಂತು. ಅಜ್ಜ ಓಡಿಸಿದ ಗಾಡಿಯನ್ನು ಮೊಮ್ಮಗ ಗೋಣಿ ಸರಿಸಿ ಹೊರಗೆ ತೆಗೆದ. ಬಿಚ್ಚಿ, ತುಕ್ಕು ತೆಗೆಸಿ, ಪೌಡರ್ ಕೋಟಿಂಗ್ ಮಾಡಿಸಿ, ಟ್ಯಾಂಕಿಗೆ ಮರೂನ್ ಬಣ್ಣ ಹೊಡೆಸಿ, ಚಿನ್ನದ ಗೆರೆ ಎಳೆಸಿದ. ಎಂಜಿನ್ ಕೆಲಸ ಗೊತ್ತಿದ್ದವರಿಂದಲೇ ಮಾಡಿಸಿದ. ಎಲ್ಲ ಮುಗಿದು ರಸ್ತೆಗೆ ಇಳಿಸಿದಾಗ ತಿಳಿಯಿತು, ಹಾರ್ನ್‌ಗೆ ಉಸಿರಿಲ್ಲ.

ಆರು ವೋಲ್ಟಿನ ಲೆಕ್ಕ

ಹಾರ್ನ್‌ಗೆ ಕೈ ಹಾಕುವ ಮೊದಲು ಈ ಬೈಕುಗಳ ವಿದ್ಯುತ್ ಎಷ್ಟು ಬಡವು ಎಂಬುದನ್ನು ತಿಳಿಯಬೇಕು. ಇವತ್ತಿನ ಬೈಕುಗಳದ್ದು 12 ವೋಲ್ಟ್. ಹಳೆಯ ಜಾವಾದ್ದು 6. ಬ್ಯಾಟರಿಯಲ್ಲಿ ಮೂರೇ ಸೆಲ್ಲು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಅಂದರೆ ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಕುಳಿತ ಬ್ಯಾಟರಿ ತೋರಿಸುವುದು 6.3ರ ಆಸುಪಾಸು. ಅದನ್ನು ತುಂಬಿಸುವ ಡೈನಮೋ 45 ವ್ಯಾಟ್‌ನದು. ರಾತ್ರಿ ಹೆಡ್‌ಲೈಟ್ ಹಾಕಿದರೆ ಅದರ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಖರ್ಚು. ಉಳಿದದ್ದರಲ್ಲಿ ಇಗ್ನಿಷನ್ ಕಾಯಿಲ್, ಹಿಂದಿನ ದೀಪ, ಬ್ರೇಕ್ ದೀಪ, ಆಮೇಲೆ ಹಾರ್ನ್.

24 ವ್ಯಾಟ್ ತಿನ್ನುವ ಹಾರ್ನ್ ಒಂದನ್ನು ಉದಾಹರಣೆಗೆ ಹಿಡಿಯಿರಿ. 12 ವೋಲ್ಟಿನಲ್ಲಿ ಅದಕ್ಕೆ ಬೇಕಾದ್ದು 2 ಆಂಪಿಯರ್. 6 ವೋಲ್ಟಿನಲ್ಲಿ 4. ದಾರಿಯಲ್ಲಿ ಎಲ್ಲೋ ಒಂದು ಕಡೆ ಸಡಿಲ ಕನೆಕ್ಷನ್ ಇದ್ದು ಕಾಲು ಓಮ್ ತಡೆ ಒಡ್ಡಿತೆಂದುಕೊಳ್ಳಿ. 12 ವೋಲ್ಟಿನ ಬೈಕಿನಲ್ಲಿ ಆ ಜಾಗದಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್, ಇಪ್ಪತ್ನಾಲ್ಕರಲ್ಲಿ ಒಂದು ಪಾಲು. ಹಾರ್ನ್‌ಗೆ ಗೊತ್ತೇ ಆಗುವುದಿಲ್ಲ. ಅದೇ ಕನೆಕ್ಷನ್ 6 ವೋಲ್ಟಿನ ಬೈಕಿನಲ್ಲಿದ್ದರೆ ನುಂಗುವುದು ಹತ್ತಿರ ಹತ್ತಿರ ಒಂದು ವೋಲ್ಟ್, ಆರರಲ್ಲಿ ಒಂದು ಪಾಲು. ನಷ್ಟದ ಪ್ರಮಾಣ ನಾಲ್ಕು ಪಟ್ಟು.

ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರನ್ನು ಪೈಪಿನಲ್ಲಿ ಮನೆಗೆ ತಂದ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಮೇಲಿನಿಂದ ಬರುವ ನೀರಾದರೆ ಪೈಪು ಸ್ವಲ್ಪ ಕಟ್ಟಿದರೂ ತಳ್ಳಿಕೊಂಡು ಬರುತ್ತದೆ. ಎತ್ತರ ಕಡಿಮೆ ಇದ್ದಲ್ಲಿ ಒಂದು ಎಲೆ ಅಡ್ಡ ಬಂದರೂ ಸಾಕು, ಅಂಗಳದಲ್ಲಿ ಬೀಳುವುದು ತೊಟ್ಟು ಮಾತ್ರ.

ಹೆಡ್‌ಲೈಟಿಗೆ ಒಂದು ವೋಲ್ಟ್ ಕಡಿಮೆಯಾದರೆ ಬೆಳಕು ಸ್ವಲ್ಪ ಕೆಂಪಾಗುತ್ತದೆ, ನಾವು ‘ಹಳೆಯ ಗಾಡಿ, ಇಷ್ಟೇ’ ಎಂದು ಸುಮ್ಮನಿರುತ್ತೇವೆ. ಹಾರ್ನ್ ಹಾಗೆ ಹೊಂದಿಕೊಂಡು ಹೋಗುವುದಿಲ್ಲ. ಅದರೊಳಗಿನ ಅಯಸ್ಕಾಂತಕ್ಕೆ ತಗಡನ್ನು ಎಳೆಯುವಷ್ಟು ಬಲ ಸಿಗಬೇಕು, ಸಿಗದಿದ್ದರೆ ದನಿ ಬೀಳುತ್ತದೆ. ವೈರಿಂಗ್‌ನಲ್ಲಿ ಎಲ್ಲೇ ತೊಂದರೆ ಇರಲಿ, ಮೊದಲು ದೂರು ಕೊಡುವುದು ಹಾರ್ನ್. ದೂರು ಕೊಟ್ಟವನನ್ನೇ ಬದಲಿಸುವುದು ನಮ್ಮ ರೂಢಿ.

ಯಾವಾಗ ಕ್ಷೀಣ?

ಗ್ಯಾರೇಜಿಗೆ ಒಯ್ಯುವ ಮೊದಲು ಮಾಲೀಕರೇ ಗಮನಿಸಬಹುದಾದ ಕೆಲವು ಸಂಗತಿಗಳಿವೆ. ಎಂಜಿನ್ ಐಡಲಿನಲ್ಲಿದ್ದಾಗ ಹಾರ್ನ್ ಸಣ್ಣಗಾಗಿ, ಆಕ್ಸಿಲರೇಟರ್ ಕೊಟ್ಟ ಕೂಡಲೇ ಜೋರಾದರೆ ಬ್ಯಾಟರಿ ಖಾಲಿ ಎಂದರ್ಥ. ಡೈನಮೋ ತಿರುಗಿದಾಗ ಬರುವ ಕರೆಂಟಿನಲ್ಲೇ ಹಾರ್ನ್ ಬದುಕುತ್ತಿದೆ. ಬ್ಯಾಟರಿ ಹಳತಾಗಿರಬಹುದು, ಇಲ್ಲವೇ ಡೈನಮೋದ ಬ್ರಷ್ ಸವೆದು, ರೆಗ್ಯುಲೇಟರ್ ಕೆಟ್ಟು ಚಾರ್ಜ್ ಆಗದೇ ಇರಬಹುದು. ಹಗಲು ಚೆನ್ನಾಗಿದ್ದು ರಾತ್ರಿ ಹೆಡ್‌ಲೈಟ್ ಹಾಕಿದಾಗ ಮಾತ್ರ ಸೊರಗಿದರೆ, ದೀಪ ಮತ್ತು ಹಾರ್ನ್ ಎರಡೂ ಹಂಚಿಕೊಳ್ಳುವ ದಾರಿಯಲ್ಲಿ ತಡೆ ಇರಬಹುದು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಒಂದು ದನಿ, ಬಲಕ್ಕೆ ತಿರುಗಿಸಿದಾಗ ಇನ್ನೊಂದು ದನಿ ಬಂದರೆ ತೊಂದರೆ ಹ್ಯಾಂಡಲಿನ ಹತ್ತಿರವೇ ಇದೆ. ಮಳೆಯಲ್ಲಿ ಮಾತ್ರ ಕೆಡುವುದಾದರೆ ನೀರು ಹೊಕ್ಕ ಜಾಗ ಹುಡುಕಬೇಕು. ಯಾವ ಹೊತ್ತಿಗೂ, ಯಾವ ವೇಗದಲ್ಲೂ ಒಂದೇ ಸಮನೆ ಕ್ಷೀಣವಾಗಿದ್ದರೆ ಆಗ ಹಾರ್ನ್ ಮೇಲೂ, ಅರ್ತ್ ಮೇಲೂ, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿಯ ಮೇಲೂ ಅನುಮಾನ ಪಡಬಹುದು.

ಇನ್ನೊಂದನ್ನೂ ನೋಡಿಬಿಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 12 ವೋಲ್ಟಿನ ಹಾರ್ನ್. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು 6 ವೋಲ್ಟಿಗೆ ಕೊಟ್ಟರೆ ಕೂಗುವ ಬದಲು ಗೊಣಗುತ್ತದೆ. ಹಾರ್ನ್‌ನ ಬೆನ್ನ ಮೇಲೆ ಅಚ್ಚಾದ ವೋಲ್ಟೇಜ್ ಓದಿ.

ಟೆಸ್ಟ್ ಲ್ಯಾಂಪಿನ ಮುಂದೆ

ಕಬಕದಂಥ ಕವಲು ರಸ್ತೆಯ ಊರುಗಳಲ್ಲಿ ಹಳೆಯ ಗಾಡಿಗಳ ವೈರಿಂಗ್ ಬಲ್ಲ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ತುಳು, ಬ್ಯಾರಿ, ಕನ್ನಡ ಮೂರರಲ್ಲೂ ಗಾಡಿಯ ಕಾಯಿಲೆ ಕೇಳಿ ತಿಳಿಯಬಲ್ಲವರು. ಅಂಥ ಒಬ್ಬರ ಗ್ಯಾರೇಜಿನಲ್ಲಿ ಕೇಳಿದ ಮಾತು ಇದು. ವಿಟ್ಲ ಕಡೆಯ ಹುಡುಗ ಹೊಸದಾಗಿ ಬಣ್ಣ ಹಚ್ಚಿಸಿದ ಜಾವಾ ತಂದು ನಿಲ್ಲಿಸಿದ.

‘ಅಣ್ಣಾ, ಹಾರ್ನ್ ಎಂತ ಮಾಡಿದ್ರೂ ಸಮ ಆಗುದಿಲ್ಲ.’

‘ಬೇರೆ ಹಾರ್ನ್ ಹಾಕಿದ್ದೀಯಾ?’

‘ಹಾಕಿ ಆಯ್ತು. ಅದೂ ಹೀಗೇ.’

‘ಬ್ಯಾಟರಿ?’

‘ಹೊಸತು.’

‘ಹಾಗಾದ್ರೆ ಹಾರ್ನ್ ಬಿಡು ಮಾರಾಯ. ಅರ್ತ್ ನೋಡುವ.’

ಅವರು ಮೊದಲು ಮಾಡಿದ್ದು, ಹಾರ್ನ್‌ನ ಎರಡೂ ವೈರು ಕಳಚಿ, ದಪ್ಪದ ಎರಡು ವೈರುಗಳಲ್ಲಿ ನೇರ ಬ್ಯಾಟರಿಗೆ ಮುಟ್ಟಿಸಿದ್ದು. ಅಂಗಡಿ ಅದುರುವಂತೆ ಹಾರ್ನ್ ಕೂಗಿತು. ಹುಡುಗನ ಮುಖ ನೋಡಬೇಕಿತ್ತು. ಹಾರ್ನ್ ಸರಿ ಇದೆ, ಬ್ಯಾಟರಿ ಸರಿ ಇದೆ. ನಡುವಿನ ದಾರಿ ಸರಿ ಇಲ್ಲ. ಒಂದು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಎರಡನೇ ಹಾರ್ನ್‌ನ ದುಡ್ಡು ಉಳಿಯುತ್ತಿತ್ತು.

ಆಮೇಲೆ ಬಂದದ್ದು ಟೆಸ್ಟ್ ಲ್ಯಾಂಪ್. ಒಂದು 6 ವೋಲ್ಟಿನ ಬಲ್ಬು, ಎರಡು ವೈರು, ತುದಿಯಲ್ಲಿ ಕ್ಲಿಪ್ಪು. ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಮೈನಸ್ಸಿಗೆ ಮುಟ್ಟಿಸಿದರು. ಬಲ್ಬು ಬೆಳ್ಳಗೆ ಉರಿಯಿತು. ಅದೇ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿದಾಗಲೂ ಬೆಳ್ಳಗೆ. ಫ್ರೇಮಿನಲ್ಲಿ ಬಣ್ಣ ಕೆರೆದ ಜಾಗಕ್ಕೆ ಮುಟ್ಟಿಸಿದಾಗ ಸ್ವಲ್ಪ ಹಳದಿ. ಹ್ಯಾಂಡಲಿನ ತುದಿಗೆ ಮುಟ್ಟಿಸಿದಾಗ ಕೆಂಡದ ಬಣ್ಣ. ‘ಸಿಕ್ಕಿತು’ ಎಂದರು.

ಮಲ್ಟಿಮೀಟರ್ ಇದ್ದವರು ಇದನ್ನೇ ಅಂಕಿಯಲ್ಲಿ ನೋಡಬಹುದು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಮೊದಲು ಬ್ಯಾಟರಿಯ ಎರಡು ಕಂಬಗಳ ಮೇಲೆ ಹಿಡಿದು ಹಾರ್ನ್ ಒತ್ತಿ. ಆರರ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿ ಗಟ್ಟಿ. ಐದಕ್ಕೆ ಕುಸಿದರೆ ಬೇರೆ ಯಾವುದನ್ನೂ ಮುಟ್ಟುವ ಮೊದಲು ಬ್ಯಾಟರಿ ನೋಡಿ. ಮುಂದೆ ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕಪ್ಪು ಮೊನೆಯನ್ನು ಹಾರ್ನ್‌ಗೆ ಕರೆಂಟ್ ಬರುವ ಟರ್ಮಿನಲ್ ಮೇಲೆ ಇಟ್ಟು ಮತ್ತೆ ಒತ್ತಿ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟೇಜನ್ನು. 0.2, 0.3 ಎಂದರೆ ನಡೆಯುತ್ತದೆ. ಅರ್ಧ ದಾಟಿದರೆ ಫ್ಯೂಸು, ಇಗ್ನಿಷನ್ ಸ್ವಿಚ್ಚು, ನಡುವಿನ ಜೋಡಣೆಗಳು ಒಂದೊಂದನ್ನೇ ನೋಡಿಕೊಂಡು ಬರಬೇಕು. ಕೊನೆಗೆ ಹ್ಯಾಂಡಲಿನ ಲೋಹಕ್ಕೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆಯಿರಿ. ರೆಸ್ಟೋರ್ ಮಾಡಿದ ಬೈಕಿನಲ್ಲಿ ಕಳ್ಳ ಹೆಚ್ಚಾಗಿ ಸಿಗುವುದು ಇಲ್ಲೇ. ಹಾರ್ನ್ ಒತ್ತಿ ಹಿಡಿದಾಗಲೇ ಅಳೆಯಬೇಕು ಎಂಬುದು ನೆನಪಿರಲಿ. ಕರೆಂಟ್ ಹರಿಯದಿದ್ದಾಗ ಎಂಥ ಕೆಟ್ಟ ಕನೆಕ್ಷನ್ನೂ ಮೀಟರಿನಲ್ಲಿ ಸಾಚಾ ಆಗಿಯೇ ಕಾಣುತ್ತದೆ.

ಬಣ್ಣ ಮುಚ್ಚಿದ ಹಿಂದಾರಿ

ಹಳೆಯ ಬೈಕುಗಳಲ್ಲಿ ಹಾರ್ನ್‌ಗೆ ಹೆಚ್ಚಾಗಿ ಎರಡು ವೈರು. ಒಂದರಲ್ಲಿ ಕರೆಂಟ್ ಬಂದು ನಿಂತಿರುತ್ತದೆ. ಇನ್ನೊಂದು ಹ್ಯಾಂಡಲಿನ ಬಟನ್ನಿಗೆ ಹೋಗುತ್ತದೆ. ಬಟನ್ ಒತ್ತಿದಾಗ ಆ ವೈರು ಹ್ಯಾಂಡಲಿನ ಕಬ್ಬಿಣಕ್ಕೆ ತಾಗುತ್ತದೆ. ಅಲ್ಲಿಂದ ಕರೆಂಟಿನ ಹಿಂದಾರಿ ಹ್ಯಾಂಡಲ್, ಕ್ಲ್ಯಾಂಪು, ಫೋರ್ಕು, ಸ್ಟೀರಿಂಗಿನ ಗುಂಡುಗಳು, ಫ್ರೇಮು ಇವುಗಳ ಮೂಲಕ ಬ್ಯಾಟರಿಯ ಮೈನಸ್ಸಿಗೆ. ವೈರು ಉಳಿಸಲು ಕಂಪನಿಗಳು ಕಂಡುಕೊಂಡ ದಾರಿ ಇದು. ಗಾಡಿಯ ಮೈಯೇ ಒಂದು ವೈರು.

ಕಾರ್ಖಾನೆಯಿಂದ ಬಂದಾಗಲೂ ಇವಕ್ಕೆಲ್ಲ ಬಣ್ಣ ಇತ್ತಲ್ಲ ಎಂದು ಕೇಳಬಹುದು. ಇತ್ತು. ಆದರೆ ಅರ್ತ್ ಕೂರುವ ಜಾಗಗಳಲ್ಲಿ ಬೋಲ್ಟು ಲೋಹಕ್ಕೆ ಕಚ್ಚಿ ಕೂತಿತ್ತು. ಹಲವು ಸಲ ಬಿಚ್ಚಿ ಕಟ್ಟಿದ್ದರಿಂದ ಕಬ್ಬಿಣ ಬೆತ್ತಲಾಗಿತ್ತು. ಈಗ ಮಾಡಿಸುವ ಪೌಡರ್ ಕೋಟಿಂಗ್ ಬೇರೆಯದೇ ಜಾತಿ. ಪ್ಲಾಸ್ಟಿಕ್ಕಿನ ಪುಡಿಯನ್ನು ಸಿಂಪಡಿಸಿ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಒಲೆಯಲ್ಲಿ ಬೇಯಿಸಿ ಕರಗಿಸಿ ಕೂರಿಸಿದ ಪೊರೆ. ದಪ್ಪ, ಗಟ್ಟಿ, ಬೋಲ್ಟ್ ಬಿಗಿದರೂ ಸುಲಭಕ್ಕೆ ಸೀಳದು. ತುಕ್ಕಿನ ಮಟ್ಟಿಗೆ ಅದು ಒಳ್ಳೆಯದೇ. ಕರೆಂಟಿನ ಮಟ್ಟಿಗೆ ಅದು ಗೋಡೆ. ಬೋಲ್ಟಿನ ತೂತಿನೊಳಗೂ, ಕ್ಲ್ಯಾಂಪು ಕೂರುವ ಅಡ್ಡೆಯ ಮೇಲೂ, ಎಂಜಿನ್ ಕೂರುವ ಕಿವಿಗಳ ಮೇಲೂ ಅದೇ ಪೊರೆ. ಇದಕ್ಕೆ ಸ್ಟೀರಿಂಗಿಗೆ ಹೊಸದಾಗಿ ಮೆತ್ತಿದ ಗ್ರೀಸನ್ನೂ ಸೇರಿಸಿ. ಮೈ ಎಂಬ ವೈರು ನಾಲ್ಕಾರು ಕಡೆ ತುಂಡಾದಂತೆ.

ಎಂದಮೇಲೆ ರೆಸ್ಟೋರ್ ಮಾಡದ, ಬಣ್ಣ ಬಿಟ್ಟ ಜಾವಾ ಪೇಟೆಯಲ್ಲಿ ಜೋರಾಗಿ ಕೂಗಿಕೊಂಡು ಹೋಗುವುದರಲ್ಲಿ, ಲಕ್ಷ ಖರ್ಚು ಮಾಡಿದ ಗಾಡಿ ಮೂಗಿನಲ್ಲಿ ಮಾತಾಡುವುದರಲ್ಲಿ ಆಶ್ಚರ್ಯವಿಲ್ಲ.

ಪರಿಹಾರ ಸರಳ. ಬ್ಯಾಟರಿಯ ಮೈನಸ್ಸಿನಿಂದ ಒಂದು ದಪ್ಪ ವೈರನ್ನು ಫ್ರೇಮಿಗೆ, ಅಲ್ಲಿಂದ ಎಂಜಿನ್ನಿಗೆ, ಇನ್ನೊಂದನ್ನು ಹ್ಯಾಂಡಲಿಗೆ ಎಳೆಯಬೇಕು. ವೈರು ಕೂರುವ ಜಾಗದಲ್ಲಿ ನಾಣ್ಯದಗಲ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ತೆಳ್ಳಗೆ ಗ್ರೀಸ್ ಅಥವಾ ವ್ಯಾಸಲೀನ್ ಸವರಿದರೆ ಮಳೆಗಾಲಕ್ಕೂ ಬಾಳುತ್ತದೆ. ಹ್ಯಾಂಡಲಿಗೆ ಹೋಗುವ ವೈರನ್ನು ಹೆಡ್‌ಲೈಟಿನ ಡೂಮಿನೊಳಗೆ ಅಡಗಿಸಿದರೆ ಹೊರಗೆ ಏನೂ ಕಾಣುವುದಿಲ್ಲ. ಹುಡುಗನ ಜಾವಾಕ್ಕೆ ಆದದ್ದೂ ಇಷ್ಟೇ. ಹೊಸ ಬಣ್ಣಕ್ಕೆ ಸ್ಕ್ರೂಡ್ರೈವರ್ ತಾಗಿಸುವಾಗ ಅವನು ಮುಖ ಆಚೆ ತಿರುಗಿಸಿದ್ದ. ಕೆಲಸ ಮುಗಿದು ಬಟನ್ ಒತ್ತಿದಾಗ ರಸ್ತೆಯಾಚೆ ನಿಂತವರು ತಿರುಗಿ ನೋಡಿದರು.

ವೈರಿಂಗ್ ಕಿಟ್ ಬಗ್ಗೆಯೂ ಎರಡು ಮಾತು. ರೆಡಿಮೇಡ್ ಸಿಗುವ ಕೆಲವು ಕಿಟ್‌ಗಳಲ್ಲಿ ಪ್ಲಾಸ್ಟಿಕ್ ದಪ್ಪ, ತಾಮ್ರ ತೆಳು. 12 ವೋಲ್ಟಿಗೆ ಸಾಕಾಗುವ ವೈರು 6 ವೋಲ್ಟಿಗೆ ಸಾಲದು, ಏಕೆಂದರೆ ಅದೇ ಕೆಲಸಕ್ಕೆ ಇಮ್ಮಡಿ ಕರೆಂಟ್ ಹರಿಯಬೇಕು. ಕೊಳ್ಳುವಾಗ ತುದಿ ಸುಲಿದು ತಾಮ್ರದ ಎಳೆ ನೋಡಿ.

ಹಾರ್ನ್‌ನ ಹೊಟ್ಟೆಯೊಳಗೆ

ನೇರ ಬ್ಯಾಟರಿಗೆ ಮುಟ್ಟಿಸಿದರೂ ಕೂಗದಿದ್ದರೆ ಆಗ ಹಾರ್ನ್ ಬಿಚ್ಚಬೇಕು. ಒಳಗಿನ ಏರ್ಪಾಡು ಶತಮಾನದಿಂದ ಹೆಚ್ಚೇನೂ ಬದಲಾಗಿಲ್ಲ. ಮೋಟಾರು ವಾಹನಗಳ ಆರಂಭದಲ್ಲಿ ಇದ್ದದ್ದು ರಬ್ಬರ್ ಬುರುಡೆ ಹಿಂಡುವ ಪೋಂ ಪೋಂ. ನಮ್ಮ ಕಡೆ ಸ್ಕೂಟರಿನಲ್ಲಿ ಮೀನು ತರುವವರು ಇಂದಿಗೂ ಅದನ್ನೇ ನಂಬಿದ್ದಾರೆ. ಬ್ಯಾಟರಿ ಬೇಡ, ಅರ್ತ್ ಬೇಡ, ಬೆಕ್ಕುಗಳಿಗೂ ಗುರುತು ಸಿಗುತ್ತದೆ. 1908ರ ಹೊತ್ತಿಗೆ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಕಂಡುಹಿಡಿದ ಕ್ಲಾಕ್ಸನ್ ಬಂತು. ಹಲ್ಲಿನ ಚಕ್ರವೊಂದು ತಗಡನ್ನು ಕೆರೆದು ಕಿರುಚುವ ಉಪಕರಣ ಅದು. 1921ರಲ್ಲಿ ಜರ್ಮನಿಯ ಬಾಷ್ ಕಂಪನಿ ತನ್ನ ವಿದ್ಯುತ್ ಹಾರ್ನ್ ಮಾರುಕಟ್ಟೆಗೆ ತಂದಿತು.

ವಿದ್ಯುತ್ ಹಾರ್ನ್‌ನಲ್ಲಿ ಮುಖ್ಯವಾಗಿ ಇರುವುದು ತಾಮ್ರದ ಸುರುಳಿ, ಉಕ್ಕಿನ ತೆಳು ತಗಡು, ಒಂದು ಜೊತೆ ಪಾಯಿಂಟು. ಕರೆಂಟ್ ಹರಿದಾಗ ಸುರುಳಿ ಅಯಸ್ಕಾಂತವಾಗಿ ತಗಡನ್ನು ಎಳೆಯುತ್ತದೆ. ತಗಡು ಒಳಕ್ಕೆ ಬಂದ ಕೂಡಲೇ ಅದರ ಜೊತೆಗಿನ ತುಂಡು ಪಾಯಿಂಟನ್ನು ಬಿಡಿಸುತ್ತದೆ. ಕರೆಂಟ್ ನಿಲ್ಲುತ್ತದೆ, ತಗಡು ಹಿಂದಕ್ಕೆ ಚಿಮ್ಮುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಸೆಕೆಂಡಿಗೆ ಮುನ್ನೂರು, ನಾನೂರು ಬಾರಿ ಈ ಎಳೆದಾಟ ನಡೆದರೆ ನಮಗೆ ಕೇಳುವುದು ಒಂದು ದನಿ.

ಹಳೆಯ ಹಾರ್ನ್‌ಗಳ ಅಂಚಿನಲ್ಲಿ ಸ್ಕ್ರೂ ಇರುವುದರಿಂದ ಬಿಚ್ಚಬಹುದು. ಪಾಯಿಂಟಿನ ಮುಖ ಕಪ್ಪಾಗಿದ್ದರೆ ನಯವಾದ ಎಮರಿ ಕಾಗದದ ಚೂರನ್ನು ನಡುವೆ ತೂರಿಸಿ ಎರಡೆಳೆತ ಎಳೆದರೆ ಸಾಕು. ತಗಡು ತುಕ್ಕು ಹಿಡಿದು ತೂತಾಗಿದ್ದರೆ ಆಸೆ ಬಿಡಿ. ಅಂಚಿನ ಕಾಗದದ ಗ್ಯಾಸ್ಕೆಟ್ ಹರಿದರೆ ಅದೇ ದಪ್ಪದ್ದನ್ನೇ ಕತ್ತರಿಸಿ ಹಾಕಬೇಕು. ಕ್ಯಾಲೆಂಡರಿನ ರಟ್ಟು ಹಾಕಿದರೆ ಅಯಸ್ಕಾಂತಕ್ಕೂ ತಗಡಿಗೂ ನಡುವಿನ ಅಂತರ ಹೆಚ್ಚಾಗಿ, ಮೊದಲೇ ಬಡವಾದ 6 ವೋಲ್ಟಿಗೆ ಎಳೆಯುವ ತ್ರಾಣ ಉಳಿಯುವುದಿಲ್ಲ.

ಬೆನ್ನಿನ ಕಡೆ ಲಾಕ್‌ನಟ್ ಇರುವ ಸಣ್ಣ ಸ್ಕ್ರೂ ಇದೆಯಲ್ಲ, ಅದು ಪಾಯಿಂಟ್ ಯಾವ ಕ್ಷಣಕ್ಕೆ ಬಿಡಬೇಕು ಎಂಬುದನ್ನು ನಿರ್ಧರಿಸುತ್ತದೆ. ಹಲವರು ಅದನ್ನು ರೇಡಿಯೋದ ವಾಲ್ಯೂಮಿನಂತೆ ತಿರುಗಿಸುತ್ತಾ ಹೋಗುತ್ತಾರೆ. ಒಂದು ಕಡೆ ಹೆಚ್ಚಾದರೆ ಪಾಯಿಂಟ್ ಬಿಡುವುದೇ ಇಲ್ಲ. ‘ಟಕ್’ ಎಂಬ ಒಂದೇ ಸದ್ದು, ಸುರುಳಿ ಬಿಸಿ. ಇನ್ನೊಂದು ಕಡೆ ಹೆಚ್ಚಾದರೆ ಪಾಯಿಂಟ್ ಕೂಡುವುದೇ ಇಲ್ಲ. ಸ್ಕ್ರೂವಿನ ಮೊದಲ ಸ್ಥಾನಕ್ಕೆ ಗುರುತು ಹಾಕಿಕೊಂಡು, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಒಂದು ಸೆಕೆಂಡ್ ಮಾತ್ರ ಒತ್ತಿ ಕೇಳಬೇಕು. ಅರ್ತ್ ಸರಿಪಡಿಸುವ ಮೊದಲು ಈ ಸ್ಕ್ರೂ ಮುಟ್ಟಲೇಬಾರದು. ಕಡಿಮೆ ವೋಲ್ಟೇಜಿಗೆ ಹೊಂದಿಸಿದ ಹಾರ್ನ್ ಮುಂದೆ ಸರಿಯಾದ ವೋಲ್ಟೇಜ್ ಸಿಕ್ಕಾಗ ಒಡಕು ದನಿ ತೆಗೆಯುತ್ತದೆ.

ಹಾರ್ನ್ ಕೂರಿಸುವ ಪಟ್ಟಿಯನ್ನೂ ನೋಡಿ. ಅದು ಸ್ವಲ್ಪ ಬಳುಕಬೇಕು. ಹಾರ್ನ್‌ನ ಮೈ ಫ್ರೇಮಿಗೋ ಟ್ಯಾಂಕಿಗೋ ತಾಗಬಾರದು. ಗಟ್ಟಿಯಾಗಲೆಂದು ದಪ್ಪ ತಗಡಿನ ಪಟ್ಟಿ ಮಾಡಿಸಿ ಬಿಗಿದರೆ ತಗಡಿನ ನಡುಕವೆಲ್ಲ ಫ್ರೇಮಿಗೆ ಹೋಗಿ ದನಿ ಸತ್ತಂತೆ ಕೇಳುತ್ತದೆ.

ಮಳೆ, ಕಿಲುಬು, ಮೈಲುತುತ್ತು

ಪುತ್ತೂರು, ಸುಳ್ಯ, ಕಡಬದ ಮಳೆಗಾಲ ಗಾಡಿಯ ವೈರಿಂಗಿಗೆ ಶನಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಬೈಕ್ ಪ್ರಿಯರು ಆಚರಿಸುತ್ತಾರೆ. ನಮ್ಮಲ್ಲಿ ಅದು ತುಳುವರ ಆಟಿ ತಿಂಗಳ ಹೊಸ್ತಿಲು. ಬಟ್ಟೆ ಒಣಗದ, ಉಪ್ಪಿನ ಡಬ್ಬಿ ನೀರೂರುವ ದಿನಗಳು. ಹೀಗಿರುವಾಗ ಹಿತ್ತಾಳೆಯ ಕನೆಕ್ಟರ್‌ಗಳು, ತಾಮ್ರದ ಎಳೆಗಳು ಹಸಿರು ಕಿಲುಬು ಹತ್ತದೆ ಉಳಿದೀತೇ? ಕಿಲುಬು ಕರೆಂಟನ್ನು ತಡೆಯುತ್ತದೆ. ಬಟನ್ನಿನ ಒಳಗಿನ ಪುಟ್ಟ ಪಟ್ಟಿಗಳಿಗೂ ಅದೇ ಗತಿ.

ಹಿತ್ತಾಳೆ ಪಾತ್ರೆ ತಿಕ್ಕುವ ರೂಢಿಯಲ್ಲಿ ಇದಕ್ಕೂ ಹುಣಸೆಹುಳಿ ಹಚ್ಚುವವರಿದ್ದಾರೆ. ಹೊಳಪೇನೋ ಬರುತ್ತದೆ. ಆದರೆ ಪಾತ್ರೆಯನ್ನು ತೊಳೆದು ಒರೆಸುತ್ತೇವೆ; ಕನೆಕ್ಟರಿನ ಸಂದಿಯಲ್ಲಿ ಉಳಿದ ಹುಳಿ ತಿಂಗಳೊಳಗೆ ಮತ್ತಷ್ಟು ತಿನ್ನುತ್ತದೆ. ಎಮರಿ ಕಾಗದದಲ್ಲಿ ಉಜ್ಜಿ, ಸಡಿಲವಾದ ಬಾಯನ್ನು ಇಕ್ಕಳದಲ್ಲಿ ಹಿಸುಕಿ ಬಿಗಿ ಮಾಡಿ, ತುಸು ವ್ಯಾಸಲೀನ್ ಸವರುವುದು ಮೇಲು.

ಅಡಿಕೆ ತೋಟದ ಮನೆಗಳಿಗೆ ಇನ್ನೊಂದು ಎಚ್ಚರ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತು, ಸ್ಪ್ರೇ ಪಂಪು, ಹಳೆಯ ಬೈಕು ಮೂರಕ್ಕೂ ಸಾಮಾನ್ಯವಾಗಿ ಒಂದೇ ಕೊಟ್ಟಿಗೆ. ಮೈಲುತುತ್ತು ತಾಮ್ರದ ಲವಣ. ಅದರ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ. ಇಷ್ಟು ಖರ್ಚು ಮಾಡಿದ ಗಾಡಿಯನ್ನು ಆ ಚೀಲದ ಪಕ್ಕ ನಿಲ್ಲಿಸುವುದು ಬೇಡ.

ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಓಡಿಸದೆ ಇಟ್ಟಿದ್ದರೆ ಹಾರ್ನ್‌ನ ಬಾಯಿಗೊಮ್ಮೆ ಟಾರ್ಚ್ ಹಾಕಿ ನೋಡಿ. ಕುಂಬಾರ ಹುಳಕ್ಕೆ ಇಂಥ ತೂತೆಂದರೆ ಪ್ರಾಣ. ಒಳಗೆ ಮಣ್ಣಿನ ಗೂಡು ಕಟ್ಟಿದ್ದರೆ ಎಂಥ ಮಲ್ಟಿಮೀಟರೂ ಅದನ್ನು ತೋರಿಸದು.

ಎಷ್ಟು ಕೂಗಬೇಕು?

ಅರ್ತ್ ಸರಿಯಾಗಿ, ಹಾರ್ನ್ ಸರಿಯಾಗಿ, ಆದರೂ ಸಮಾಧಾನ ಆಗದವರಿಗೆ ರಿಲೇ ಇದೆ. ಬ್ಯಾಟರಿಯಿಂದ ಹಾರ್ನ್‌ಗೆ ದಪ್ಪ ವೈರಿನ ಹತ್ತಿರದ ದಾರಿ. ಹ್ಯಾಂಡಲಿನ ಬಟನ್ ರಿಲೇಯನ್ನು ಎಬ್ಬಿಸುವ ಸಣ್ಣ ಕರೆಂಟನ್ನು ಮಾತ್ರ ಹೊರುತ್ತದೆ. 6 ವೋಲ್ಟಿನ ರಿಲೇಯನ್ನೇ ಹುಡುಕಿ ಹಾಕಬೇಕು. ಸೀಟಿನ ಕೆಳಗೆ ಅಡಗಿಸಿಟ್ಟರೆ ಹಳೆಯ ರೂಪಕ್ಕೆ ಧಕ್ಕೆ ಇಲ್ಲ, ಬೇಡವೆಂದಾಗ ತೆಗೆಯಲೂಬಹುದು. ಇಡೀ ಗಾಡಿಯನ್ನು 12 ವೋಲ್ಟಿಗೆ ಬದಲಿಸುವವರೂ ಇದ್ದಾರೆ. ದಿನಾ ಪೇಟೆಗೆ ಓಡಿಸುವವರಿಗೆ ಅದು ಅನುಕೂಲವೇ. ಆದರೆ ಹಾರ್ನ್ ಒಂದಕ್ಕಾಗಿ ಡೈನಮೋ, ಕಾಯಿಲ್, ಬಲ್ಬು ಎಲ್ಲ ಬದಲಿಸುವುದು ಅತಿಯಾಯಿತು. ಅರ್ತ್ ಕೆಟ್ಟ ಗಾಡಿ 12 ವೋಲ್ಟಿಗೆ ಹೋದರೂ ಅರ್ತ್ ಕೆಟ್ಟ ಗಾಡಿಯೇ. ತೊಂದರೆ ಕಾಣಿಸಿಕೊಳ್ಳಲು ಇನ್ನೊಂದು ಮಳೆಗಾಲ ಬೇಕಾದೀತು, ಅಷ್ಟೇ.

ಸಿಟ್ಟಿಗೆದ್ದು ಬಸ್ಸಿನ ಕರ್ಕಶ ಹಾರ್ನ್ ಕಟ್ಟಿಸುವುದಂತೂ ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 119ನೇ ನಿಯಮ ವಾಹನಕ್ಕೆ ವಿದ್ಯುತ್ ಹಾರ್ನ್ ಇರಲೇಬೇಕು ಎನ್ನುತ್ತದೆ. ಹಲವು ಸ್ವರದ, ಕಿರುಚುವ, ಗಾಬರಿ ಹುಟ್ಟಿಸುವ ಹಾರ್ನ್ ಇರಬಾರದು ಎಂದೂ ಹೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಹಾರ್ನ್ ಒತ್ತಬಾರದ ನಿಶ್ಶಬ್ದ ವಲಯ ಆಗಬಹುದು.

ಸ್ವಂತದ ಗಾಡಿಯ ಆರ್‌ಸಿ 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಕೆಎ-21ರ ಆರ್‌ಟಿಒ ಕಚೇರಿ ಪುತ್ತೂರಿನಲ್ಲೇ ಇರುವುದರಿಂದ ಇಲ್ಲಿನವರಿಗೆ ದೂರ ಹೋಗುವ ಕಷ್ಟವಿಲ್ಲ, ಆದರೆ ತಪಾಸಣೆಯಲ್ಲಿ ದೀಪ, ಬ್ರೇಕು, ಹಾರ್ನ್ ಕೆಲಸ ಮಾಡಬೇಕು. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ವ್ಯವಸ್ಥೆ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಅಜ್ಜನ ಜಾವಾದಲ್ಲಿ ವಾರಕ್ಕೊಮ್ಮೆ ಸಂತೆಗೆ ಹೋಗುವ ಆಸೆ ಇದ್ದವರು ಇದನ್ನು ಯೋಚಿಸಿಯೇ ಮುಂದುವರಿಯಬೇಕು.

ಪೇಂಟಿಗೆ ಕೊಡುವ ಮುನ್ನ

ಹಳೆಯ ಬೈಕನ್ನು ಎಬ್ಬಿಸುವವರು ಕಣ್ಣಿಗೆ ಕಾಣುವುದಕ್ಕೆ ಮೊದಲು ದುಡ್ಡು ಹಾಕುತ್ತಾರೆ. ಬಣ್ಣ, ಕ್ರೋಮ್, ಸೀಟು, ಆಮೇಲೆ ಎಂಜಿನ್. ವೈರಿಂಗ್ ಬರುವುದು ಕೊನೆಗೆ, ದುಡ್ಡೂ ತಾಳ್ಮೆಯೂ ಮುಗಿದ ಮೇಲೆ. ಈ ಕ್ರಮವನ್ನು ತಿರುಗಿಸಿ. ಗಾಡಿ ಬಿಚ್ಚುವಾಗಲೇ ಯಾವ ಬೋಲ್ಟಿನ ಕೆಳಗೆ ಬೆತ್ತಲೆ ಲೋಹ ಹೊಳೆಯುತ್ತಿದೆ, ಯಾವ ಅರ್ತ್ ವೈರು ಎಲ್ಲಿ ಕೂತಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಪೌಡರ್ ಕೋಟಿಂಗ್‌ಗೆ ಕೊಡುವಾಗ ಆ ಜಾಗಗಳನ್ನೂ ಬೋಲ್ಟಿನ ತೂತುಗಳನ್ನೂ ಬಿಸಿ ತಡೆಯುವ ಟೇಪಿನಿಂದ, ರಬ್ಬರ್ ಬಿರಡೆಯಿಂದ ಮುಚ್ಚಲು ಹೇಳಿ. ಹೇಳದಿದ್ದರೆ ಅವರು ಮುಚ್ಚುವುದಿಲ್ಲ. ಪೂರ್ತಿ ಬಣ್ಣ ಹಚ್ಚುವುದೇ ಅವರ ಕಸುಬು. ಫ್ರೇಮ್ ಮನೆಗೆ ಬಂದ ದಿನ ಟ್ಯಾಂಕು, ಸೀಟು ಕೂರಿಸುವ ಮೊದಲು ಬ್ಯಾಟರಿ, ಹಾರ್ನ್, ಬಟನ್ ಇಷ್ಟನ್ನೇ ಜೋಡಿಸಿ ಒತ್ತಿ ನೋಡಿ. ಆಗ ಕೂಗದ ಹಾರ್ನ್ ಟ್ಯಾಂಕು ಏರಿದ ಮೇಲೆ ಕೂಗುವುದಿಲ್ಲ.

ಟ್ಯಾಂಕಿನ ಚಿನ್ನದ ಗೆರೆಯನ್ನು ಮೆಚ್ಚುವವರು ಗಾಡಿ ನಿಂತಾಗ ಹತ್ತಿರ ಬಂದು ನೋಡುತ್ತಾರೆ. ಸಂಪಾಜೆಯ ತಿರುವಿನಲ್ಲಿ ಎದುರಿನಿಂದ ಬರುವವನಿಗೆ ಆ ಗೆರೆ ಕಾಣುವುದಿಲ್ಲ. ಅವನ ಸಲುವಾಗಿ ಎರಡು ಮೊಳ ದಪ್ಪ ವೈರಿಗೂ ನಾಲ್ಕು ಸ್ಟಾರ್ ವಾಷರಿಗೂ ಬಜೆಟ್ಟಿನಲ್ಲಿ ಜಾಗ ಇಡಿ. ಇಡೀ ರೆಸ್ಟೋರೇಷನ್‌ನಲ್ಲಿ ಇದಕ್ಕಿಂತ ಅಗ್ಗದ ಕೆಲಸ ಬೇರೆ ಇಲ್ಲ.